ಆಯ್ತು ಅಂದ ಮೇಲಿನ ಫೋಟೋ

ನಮ್ಮ ಅತ್ತೆಯ ಮನೆಯಲ್ಲಿ ಎರಡು ಕ್ಯಾಮೆರಾಗಳಿದ್ದವು. ಮಾವನದು ದೊಡ್ಡದು, ಅದಕ್ಕೆ ಪ್ರತ್ಯೇಕ ಗಾಜಿನ ಬೀರು. ಅತ್ತೆಯದು ಚಿಕ್ಕದು, ಅದು ಅವಳ ಕೈಚೀಲದಲ್ಲಿ ಬೀಗದ ಕೈ, ಕೆಮ್ಮಿನ ಮಾತ್ರೆ ಮತ್ತು ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣದ ಜೊತೆ ಬಾಡಿಗೆಗಿತ್ತು. ಮಾವ ಬೆಳಿಗ್ಗೆ ಎದ್ದು ಮೊದಲು ಕ್ಯಾಮೆರಾದ ಕಣ್ಣು ಒರೆಸಿ, ಆಮೇಲೆ ತಮ್ಮ ಕನ್ನಡಕ ಒರೆಸಿಕೊಂಡು, ಕೊನೆಗೆ ಸಮಯ ಉಳಿದರೆ ಅತ್ತೆಯ ಮುಖ ನೋಡುತ್ತಿದ್ದರು. "ನಿಮ್ಮ ಮಾವ ನನ್ನನ್ನ ನೋಡೋದು ಮೂರನೇ ಲೆನ್ಸಲ್ಲಿ," ಎನ್ನುತ್ತಿದ್ದಳು ಅತ್ತೆ.

ಭಾರೀ ಕ್ಯಾಮೆರಾ ಅದು, ಯಾವ ಅರ್ಥದಲ್ಲಿ ಬೇಕಾದರೂ ತೆಗೆದುಕೊಳ್ಳಿ. ಕತ್ತಿಗೆ ನೇತು ಹಾಕಿಕೊಂಡವನು ತಾನಾಗಿಯೇ ಮುಂದಕ್ಕೆ ಬಾಗಿ, ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಮಾಡುವವನಂತೆ ಕಾಣುತ್ತಿದ್ದ. ಮಾವನಿಗೆ ಬೀದಿಯಲ್ಲಿ ವಿನಯವಂತರು ಎಂಬ ಹೆಸರು ಬಂದದ್ದು ಹೀಗೆ. ಬೆನ್ನು ನೋವು ಬಂದದ್ದೂ ಹೀಗೆಯೇ.

ಮಾವನ ಸ್ಟುಡಿಯೋ ಇದ್ದದ್ದು ನೋಂದಣಿ ಕಚೇರಿಯ ಎದುರು, ಟೈಪಿಂಗ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ. ಮದುವೆ ನೋಂದಾಯಿಸಲು ಬರುವವರು ಮೊದಲು ಅರ್ಜಿ ಟೈಪ್ ಮಾಡಿಸುತ್ತಿದ್ದರು, ನಮ್ಮಲ್ಲಿ ಬಂದು ಫೋಟೋಗ್ರಾಫರನ್ನು ಗೊತ್ತು ಮಾಡಿಕೊಳ್ಳುತ್ತಿದ್ದರು, ಎದುರಿನ ಕಟ್ಟಡಕ್ಕೆ ಹೋಗಿ ಮದುವೆಯಾಗುತ್ತಿದ್ದರು. ಮದುವೆಯಾದ ಮೇಲೆ ಕಣ್ಣು ಬಿಟ್ಟವರಿಗೆ ಕನ್ನಡಕದ ಅಂಗಡಿ ಇದ್ದೇ ಇದೆ ಎನ್ನುವುದು ಮಾವನ ಹಳೆಯ ಜೋಕು. ಅತ್ತೆ ಹತ್ತಿರವಿದ್ದಾಗ ಅದನ್ನು ಹೇಳುತ್ತಿರಲಿಲ್ಲ. ಫೋನಿನಲ್ಲೇ ಎಲ್ಲರೂ ಫೋಟೋ ತೆಗೆದುಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ. ಮದುವೆಗೆ ಇಬ್ಬರು ಬೇಕು, ಸಾಕ್ಷಿಗಳು ಬೇಕು, ಫೋಟೋದವರೂ ಬೇಕು. ಹಾಗಾಗಿ ಸ್ಟುಡಿಯೋದ ಅನ್ನ ಎದುರಿನ ಕಟ್ಟಡದಲ್ಲೇ ಬೇಯುತ್ತಿತ್ತು.

ಅತ್ತೆಯ ಕೆಲಸ ಕೊಡೆ ಹಿಡಿಯುವುದು. ಬೆಳಕು ಮುಖದ ಮೇಲೆ ಮೆತ್ತಗೆ ಬೀಳಲಿ ಎಂದು ಫೋಟೋದವರು ಬಿಳಿ ಕೊಡೆಯೊಂದನ್ನು ಬಳಸುತ್ತಾರಲ್ಲ, ಅದು. ಮಾವ ಒಂದು ಕಣ್ಣು ಮುಚ್ಚಿ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದರು. ಅತ್ತೆ ಎಡಕ್ಕೆ ಸರಿಯುತ್ತಿದ್ದಳು. ಹೇಳಿದ್ದು ಯಾರಿಗೆಂದು ತಿಳಿಯದೆ ಮದುಮಗನೂ ಸರಿಯುತ್ತಿದ್ದ. ಮದುವೆಯ ಮೊದಲ ಗಳಿಗೆಯಲ್ಲೇ ಗಂಡು ಹೆಣ್ಣಿನಿಂದ ದೂರ ಹೋದ ಫೋಟೋಗಳು ಆ ಸ್ಟುಡಿಯೋದಲ್ಲಿ ಬೇಕಾದಷ್ಟಿದ್ದವು.

ಚಿಕ್ಕ ಕ್ಯಾಮೆರಾ ಬಂದದ್ದು ಬಿಟ್ಟಿಯಾಗಿ. ಫೋಟೋ ಕಾಗದ ಪೂರೈಸುವ ಏಜೆಂಟ್ ಒಂದು ದೊಡ್ಡ ಆರ್ಡರಿನ ಜೊತೆ ಉಡುಗೊರೆಯಾಗಿ ಕೊಟ್ಟುಹೋಗಿದ್ದ. ಜೇಬಿನಲ್ಲಿ ಹಿಡಿಯುವ, ಗುಂಡಿ ಒತ್ತಿದರೆ ಜುಂಯ್ ಎಂದು ಆಮೆಯಂತೆ ತಲೆ ಹೊರಗೆ ಹಾಕುವ ಕ್ಯಾಮೆರಾ.

ಮಾವ ಎರಡು ಬೆರಳಲ್ಲಿ ಎತ್ತಿ ನೋಡಿ, "ಇದು ಕ್ಯಾಮೆರಾ ಅಲ್ಲ ಕಣೇ, ಸೋಪು ಡಬ್ಬಿ," ಎಂದರು.

"ಸೋಪು ಡಬ್ಬಿ ಆದ್ರೆ ನನ್ನ ಇಲಾಖೆ. ಇಲ್ಲಿ ಕೊಡಿ," ಎಂದು ಅತ್ತೆ ಕೈಚೀಲಕ್ಕೆ ಹಾಕಿಕೊಂಡಳು.

ಅದು ಚೀಲದಿಂದ ಹೊರಬಂದದ್ದು ಮಾವನ ಬೆನ್ನು ಪೂರ್ತಿ ಹಿಡಿದುಕೊಂಡ ದಿನ. ಸ್ಟುಡಿಯೋದ ನೆಲದ ಮೇಲೆ ಅಂಗಾತ ಮಲಗಿ, ಚಾವಣಿಯ ಜೊತೆ ಮಾತಾಡುವವರಂತೆ ಅವರು ಅಪ್ಪಣೆ ಕೊಡಿಸಿದರು: "ದೊಡ್ಡದನ್ನ ಮುಟ್ಟಬೇಡ. ಆ ಮದುವೆಯೋರಿಗೆ ನಾಳೆ ಬನ್ನಿ ಅನ್ನು."

"ಮದುವೆಗೆ ನಾಳೆ ಬನ್ನಿ ಅನ್ನೋಕೆ ನಾನೇನು ಹೆಣ್ಣು ಕೊಡೋಕೆ ಒಲ್ಲದ ಅಪ್ಪಾನಾ?" ಎಂದು ಅತ್ತೆ ಸೋಪು ಡಬ್ಬಿ ಹಿಡಿದು ರಸ್ತೆ ದಾಟಿದಳು.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ದೊಡ್ಡ ಕ್ಯಾಮೆರಾ ಗುಂಡಿ ಒತ್ತಿದ ಕ್ಷಣವೇ ಖಟಕ್ಕೆಂದು ಚಿತ್ರವನ್ನು ಕಚ್ಚಿಕೊಳ್ಳುತ್ತದೆ. ಆ ಚಿಕ್ಕದಕ್ಕೆ ಅಷ್ಟು ಚುರುಕಿರಲಿಲ್ಲ. ಒತ್ತಿದ ಮೇಲೆ ಸರ್ಕಾರಿ ಕಡತದ ಹಾಗೆ ಒಳಗೊಳಗೇ ಒಂದಿಷ್ಟು ಓಡಾಡಿ, ಒಂದು ಉಸಿರಿನಷ್ಟು ತಡವಾಗಿ ಚಿತ್ರ ತೆಗೆಯುತ್ತಿತ್ತು. ಅತ್ತೆಗೆ ಇದು ಗೊತ್ತಿರಲಿಲ್ಲ. ಅವಳು ಗುಂಡಿ ಒತ್ತಿದಳು, ಗಂಡ ಮಾಡುತ್ತಿದ್ದ ಹಾಗೆಯೇ ದೊಡ್ಡದಾಗಿ "ಆಯ್ತು!" ಎಂದಳು. ಎದುರಿಗೆ ನಿಂತವರೆಲ್ಲ ಉಸಿರು ಬಿಟ್ಟರು. ಆಗ ಡಬ್ಬಿ ನಿಧಾನವಾಗಿ ತನ್ನ ಕೆಲಸ ಮಾಡಿತು.

ಕಂಪ್ಯೂಟರಿನಲ್ಲಿ ಆ ಫೋಟೋಗಳನ್ನು ನೋಡಿ ಮಾವ ನರಳಿದರು. ಬೆನ್ನಿಗಲ್ಲ. ಮದುಮಗಳು ಗೋಡೆಗೊರಗಿ ಒಂದು ಚಪ್ಪಲಿ ಬಿಟ್ಟು ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಾಳೆ. ಮದುಮಗ ಅವಳ ಕರವಸ್ತ್ರದಲ್ಲಿ ತನ್ನ ಕತ್ತು ಒರೆಸಿಕೊಳ್ಳುತ್ತಿದ್ದಾನೆ. ಬೀಗಿತ್ತಿಯರಿಬ್ಬರು ಒಬ್ಬರ ಭುಜಕ್ಕೆ ಇನ್ನೊಬ್ಬರು ಹಣೆ ಕೊಟ್ಟು, ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಅತ್ತೆ ಹೇಳುವ ಪ್ರಕಾರ ಒಂದು ಗಳಿಗೆ ಮುಂಚೆ ಇದೇ ಜನ ಸಾಲಾಗಿ, ಸಾಲಗಾರರ ಮುಖ ಹೊತ್ತು ನಿಂತಿದ್ದರು.

"ದುಡ್ಡು ವಾಪಸ್ ಕೊಟ್ಟು ಕಳಿಸ್ಬಿಡು," ಎಂದರು ಮಾವ.

ಸಂಜೆ ಆ ಹೊಸ ಗಂಡ ಹೆಂಡತಿ ಬಂದರು. ನೋಡಿದರು. ಮತ್ತೆ ಮೊದಲಿಂದ ನೋಡಿದರು. ಕೊನೆಗೆ ಹುಡುಗಿ, "ಇದೇ ಬೇಕು. ಮನೇಲಿ ಎಷ್ಟು ಜನ ಇದ್ದೀವೋ ಅಷ್ಟೂ ಪ್ರತಿ ಹಾಕಿಕೊಡಿ," ಎಂದಳು. "ನಮ್ಮಮ್ಮ ನಗ್ತಾಳೆ ಅಂದ್ರೆ ಯಾರೂ ನಂಬಲ್ಲ. ಸಾಕ್ಷಿ ಇರಲಿ."

ಅಂದಿನಿಂದ ಆ ಡಬ್ಬಿಯ ಸೋಮಾರಿತನವೇ ಅತ್ತೆಯ ವಿದ್ಯೆಯಾಯಿತು. ಸೊಂಟದ ಹತ್ತಿರ ಅಂಗೈಯಲ್ಲಿ ಅದನ್ನು ಹಿಡಿದು, ಬಾಯಲ್ಲಿ ಏನೋ ಒಂದು ಹರಟೆ ಹೊಡೆಯುತ್ತಾ, "ಆಯ್" ಎನ್ನುವಾಗ ಗುಂಡಿ ಒತ್ತುವಳು. "ತು" ಎನ್ನುವ ಹೊತ್ತಿಗೆ ಜನರ ಮುಖಗಳು ಅವರವರಿಗೆ ವಾಪಸ್ ಸಿಕ್ಕಿರುತ್ತಿದ್ದವು. ಕ್ಯಾಮೆರಾ ಆಗ ಕಣ್ಣು ಮಿಟುಕಿಸುತ್ತಿತ್ತು. ಬೀದಿಯವರು ಅವಳನ್ನು ಆಯ್ತಕ್ಕ ಎಂದು ಕರೆಯತೊಡಗಿದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ತರಗತಿಯ ಫೋಟೋ. ಹೆಡ್ ಸಿಸ್ಟರ್ ಕ್ಯಾಮೆರಾದ ಪಕ್ಕದಲ್ಲಿ ಅಡಿಕೋಲು ಹಿಡಿದು ನಿಂತು "ಸ್ಮೈಲ್!" ಎಂದು ಗದರುತ್ತಿದ್ದರು. ಆ ಫೋಟೋಗಳಲ್ಲಿ ನಾವೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿರುವವರಂತೆ ಕಾಣುತ್ತೇವೆ. ಅತ್ತೆಯ ವಿದ್ಯೆಯ ಬೆಲೆ ತಿಳಿಯಲು ನನಗೆ ಬೇರೆ ಪಾಠ ಬೇಕಾಗಲಿಲ್ಲ.

ಮಾವನ ಬೆನ್ನು ಸುಧಾರಿಸಿತಾದರೂ ದೊಡ್ಡ ಕ್ಯಾಮೆರಾ ಹೊತ್ತು ಕಚೇರಿಯ ಸಭಾಂಗಣದಲ್ಲಿ ನಿಲ್ಲುವ ಮಟ್ಟಕ್ಕಲ್ಲ. ಅವರು ಸ್ಟುಡಿಯೋದಲ್ಲಿ ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸಿ ಭಾವಚಿತ್ರ ತೆಗೆಯುವರು, ಅತ್ತೆ ಎದುರಿನ ಕಟ್ಟಡ ನೋಡಿಕೊಳ್ಳುವಳು. ಮಾವ ಮಾತ್ರ ಈ ಏರ್ಪಾಟನ್ನು ತಾತ್ಕಾಲಿಕ ಎಂದೇ ಕರೆಯುತ್ತಿದ್ದರು.

ಅಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದರು. ಸಭಾಂಗಣ ಚಿಕ್ಕದು, ಫೋಟೋದವರು ಜಾಸ್ತಿ. ನೂಕುನುಗ್ಗಲಿನಲ್ಲಿ ಒಬ್ಬ ಫೋಟೋಗ್ರಾಫರ್ ಸಾಕ್ಷಿಯ ಜಾಗದಲ್ಲಿ ನಿಂತು ಸಹಿಯನ್ನೂ ಹಾಕಿಬಿಟ್ಟಿದ್ದ. ಸಾಹೇಬರು ಸಿಟ್ಟಿಗೆದ್ದು ಬಾಗಿಲಿಗೆ ಸೂಚನೆ ಅಂಟಿಸಿದರು: ಇನ್ನು ಮೇಲೆ ಪಾಸು ಇದ್ದವರಿಗೆ ಮಾತ್ರ ಪ್ರವೇಶ, ಒಂದು ಸ್ಟುಡಿಯೋಗೆ ಒಂದೇ ಪಾಸು, ಅದೂ ವೃತ್ತಿಪರ ಕ್ಯಾಮೆರಾ ಉಳ್ಳವರಿಗೆ. ಲೆನ್ಸ್ ಇದ್ದರೇ ಲೈಸೆನ್ಸ್.

ಅತ್ತೆ ಗುಮಾಸ್ತನ ಕಿಟಕಿಗೆ ಹೋದಳು. ಮದುವೆಯ ಪ್ರಮಾಣಪತ್ರಗಳಿಗೆ ಧಬಧಬ ಮುದ್ರೆ ಒತ್ತುವವನು ಅವನೇ.

"ವೃತ್ತಿಪರ ಕ್ಯಾಮೆರಾ ಅಂದ್ರೆ ಯಾವುದಪ್ಪಾ?"

"ಕತ್ತಿಗೆ ಹಾಕೋ ಪಟ್ಟಿ ಇರ್ಬೇಕು ಅಕ್ಕ. ಲೆನ್ಸ್ ಬಿಚ್ಚೋಕೆ ಬರ್ಬೇಕು. ಸಾಹೇಬ್ರು ಹಾಗೇ ಹೇಳಿದಾರೆ."

"ನಮ್ಮತ್ತೆಗೆ ಹಲ್ಲು ಬಿಚ್ಚೋಕೆ ಬರ್ತಿತ್ತು. ಹಾಗಂತ ಅವರೇನು ವೃತ್ತಿಪರವಾಗಿ ಅಗೀತಿದ್ರಾ?"

"ಅಯ್ಯೋ ಅಕ್ಕ, ನನ್ ಹತ್ರ ಯಾಕೆ ಜಗಳ? ನಾನು ಬರೀ ಒತ್ತೋನು."

"ನಾನೂ ಒತ್ತೋಳೇ ಕಣಪ್ಪ. ನೀನು ಒತ್ತಿದ್ರೆ ಮದುವೆ ಕಾಗದದ ಮೇಲೆ ಉಳಿಯುತ್ತೆ, ನಾನು ಒತ್ತಿದ್ರೆ ನೆನಪಲ್ಲಿ ಉಳಿಯುತ್ತೆ. ಹೇಳು ನಿಮ್ಮ ಸಾಹೇಬ್ರಿಗೆ."

ಗುಮಾಸ್ತ ಹೇಳಲಿಲ್ಲ. ಹೇಳುವ ಗುಮಾಸ್ತರು ಬಹಳ ಕಾಲ ಗುಮಾಸ್ತರಾಗಿರುವುದಿಲ್ಲ.

ಇತ್ತ ಮಾವನಿಗೆ ಹಬ್ಬ. "ನೋಡಿದ್ಯಾ? ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದನ್ನ ಸರ್ಕಾರ ಒಂದು ಸಾಲಲ್ಲಿ ಹೇಳ್ತು. ನನ್ನ ಬೆನ್ನು ಹೋಯ್ತು, ನಿಂದು ಗಟ್ಟಿ ಇದೆ. ಇನ್ಮೇಲೆ ನೀನೇ ಹೊರು." ಪದಕ ತೊಡಿಸುವ ಗಾಂಭೀರ್ಯದಲ್ಲಿ ದೊಡ್ಡ ಕ್ಯಾಮೆರಾವನ್ನು ಅವರೇ ಅವಳ ಕತ್ತಿಗೆ ಹಾಕಿದರು. ಯಾವ ಗುಂಡಿ ಯಾವುದಕ್ಕೆ ಎಂದು ಒಂದು ಸಂಜೆ ಪೂರ್ತಿ ಪಾಠ ಮಾಡಿದರು. ಅತ್ತೆ ಎಲ್ಲಕ್ಕೂ "ಹೂಂ" ಎಂದಳು. ಅವಳು ಹೂಂ ಎಂದರೆ ಮನೆಯಲ್ಲಿ ಎಲ್ಲರೂ ಹೆದರಬೇಕು.

ಮರುದಿನ ದೊಡ್ಡದು ಕತ್ತಿನಲ್ಲಿ, ಚಿಕ್ಕದು ಅಂಗೈಯಲ್ಲಿ. ಬಾಗಿಲಲ್ಲಿ ಪಾಸು ಸಿಕ್ಕಿತು. ಒಳಗೆ ಹೋಗಿ ಅವಳು ಮಾಡಿದ್ದು ಇಷ್ಟೇ: ಜನರನ್ನು ನಿಲ್ಲಿಸಿ, ದೊಡ್ಡ ಕ್ಯಾಮೆರಾವನ್ನು ಎರಡು ಕೈಯಲ್ಲಿ ಎತ್ತಿ, "ಇಲ್ಲಿ ನೋಡಿ" ಎನ್ನುವುದು. ಎಲ್ಲರೂ ಉಸಿರು ಬಿಗಿಹಿಡಿದು ನೋಡುವರು. ದೊಡ್ಡದನ್ನು ಎದೆಗೆ ಇಳಿಬಿಟ್ಟು, ಅದರ ಮರೆಯಲ್ಲಿ ಅಂಗೈಯ ಗುಂಡಿ ಒತ್ತುತ್ತಾ "ಆಯ್ತು" ಎನ್ನುವುದು. ದೊಡ್ಡದರ ಲೆನ್ಸಿನ ಮುಚ್ಚಳವನ್ನು ಅವಳು ತೆಗೆಯಲೇ ಇಲ್ಲ. ಮುಚ್ಚಿದ ಕಣ್ಣಿನೆದುರು ಜನ ಕಣ್ಣರಳಿಸಿ ನಿಲ್ಲುತ್ತಿದ್ದರು, ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಸಾಹೇಬರೇ ಸಹಿ ಹಾಕುವಾಗ ಆ ಮುಚ್ಚಳವನ್ನು ನೋಡಿ ಹೊಟ್ಟೆಯನ್ನು ಒಳಗೆಳೆದುಕೊಂಡರಂತೆ. ಯಾರಿಗೂ ಗೊತ್ತಾಗಲಿಲ್ಲ. ಕ್ಯಾಮೆರಾ ಕಂಡ ಮನುಷ್ಯ ನೋಡುವುದು ತನ್ನನ್ನೇ ಹೊರತು ಕ್ಯಾಮೆರಾವನ್ನಲ್ಲ.

ಮಾವನಿಗೂ ಗೊತ್ತಾಗಲಿಲ್ಲ. ಪ್ರಿಂಟುಗಳನ್ನು ನೋಡಿ ಅವರು ತಲೆದೂಗಿದರು. "ಈ ಅಜ್ಜನ ಕಣ್ಣು ನೋಡು, ಈ ಮಗುವಿನ ಕೆನ್ನೆ ನೋಡು. ಇದು ಕಣೇ ದೊಡ್ಡ ಕ್ಯಾಮೆರಾದ ಮಹಿಮೆ! ಸೋಪು ಡಬ್ಬೀಲಿ ಬರ್ತಿತ್ತಾ ಇದು?" ಅತ್ತೆ ಕೆಮ್ಮಿನ ಮಾತ್ರೆ ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಭಿಮಾನದ ಗಾಜು ಯಾವ ಕನ್ನಡಕಕ್ಕಿಂತಲೂ ದಪ್ಪ. ಅದರ ಮೂಲಕ ಅನುಭವಸ್ಥರಿಗೂ ಏನೂ ಕಾಣಿಸುವುದಿಲ್ಲ.

ಗುಟ್ಟು ರಟ್ಟು ಮಾಡಿದವನು ತುತ್ತೂರಿ. ಪಕ್ಕದ ಬೀದಿಯ ಸ್ಟುಡಿಯೋದವನು. ಅವನ ಲೆನ್ಸ್ ಅಷ್ಟು ಉದ್ದವಿದ್ದದ್ದರಿಂದ ಈ ಹೆಸರು. ಅವನು ಬಾಗಿಲಲ್ಲಿ ನಿಂತಿದ್ದರೂ ಅವನ ಕ್ಯಾಮೆರಾ ಮದುವೆಯ ಮೇಜಿನ ಹತ್ತಿರವಿರುತ್ತಿತ್ತು. ಒಂದು ಬೆಳಿಗ್ಗೆ, ಮದುವೆಯೊಂದರ ನಡುವೆ, ಅವನ ಕಣ್ಣು ಅತ್ತೆಯ ಎದೆಯ ಮೇಲಿದ್ದ ಕರೀ ಮುಚ್ಚಳದ ಮೇಲೆ ಬಿತ್ತು.

"ಸಾಹೇಬ್ರೇ!" ಎಂದು ಹೆಸರಿಗೆ ತಕ್ಕ ಹಾಗೆ ಊದಿದ. "ಈಯಮ್ಮ ಮುಚ್ಚಳ ಹಾಕ್ಕೊಂಡೇ ಮದುವೆ ತೆಗೀತಿದಾರೆ!"

ಮದುಮಗ ಕಂಗಾಲಾದ. "ಹಾಗಾದ್ರೆ ಇಷ್ಟೊತ್ತು ನಾನು ನಕ್ಕಿದ್ದು ಯಾರಿಗೆ?"

"ನನಗೆ ಅಂದ್ಕೊಂಡಿದ್ದೆ," ಎಂದಳು ಮದುಮಗಳು.

ಸಾಹೇಬರು ಅತ್ತೆಯ ಪಾಸು ಅಲ್ಲೇ ವಾಪಸ್ ತೆಗೆದುಕೊಂಡು, ಸ್ಟುಡಿಯೋದ ಮಾಲೀಕರನ್ನು ಕರೆದುಕೊಂಡು ನಾಳೆ ಬನ್ನಿ ಎಂದರು.

ಆ ಸಂಜೆ ನಾನು ಅವರ ಮನೆಯಲ್ಲಿದ್ದೆ. ಮಾವ ಕುರ್ಚಿಯಲ್ಲಿ ಕೂತು ದೊಡ್ಡ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮುಚ್ಚಳ ತೆಗೆದರು, ಒರೆಸಿದರು, ಹಾಕಿದರು. ಮತ್ತೆ ತೆಗೆದರು.

"ಇಷ್ಟು ದಿನ ಇದನ್ನ ಮಣಿಸರ ಮಾಡ್ಕೊಂಡಿದ್ಯಾ?"

"ಮಣಿಸರ ಇಷ್ಟು ಭಾರ ಇರಲ್ಲ," ಎಂದಳು ಅತ್ತೆ.

"ನಾನು ಹೊಗಳಿದ ಫೋಟೋಗಳು? ಆ ಅಜ್ಜನ ಕಣ್ಣು?"

"ಸೋಪು ಡಬ್ಬೀದು."

"ಮಗುವಿನ ಕೆನ್ನೆ?"

"ಅದೂ."

ಮಾವನ ಮುಖ ಮುದುಡಿತು. ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಮೆತ್ತಗೆ, "ನನ್ನನ್ನ ನಗೆಪಾಟಲು ಮಾಡಿದೆ," ಎಂದರು. ಅತ್ತೆ ಅವರೆದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ರೀ, ಇಲ್ಲಿ ಕೇಳಿ. ನೀವು ಅದನ್ನ ಕಣ್ಣಿಗೆ ಇಟ್ಕೊಂಡ ತಕ್ಷಣ ನಿಮ್ಮ ಮುಖ ಅವರಿಗೆ ಕಾಣಲ್ಲ. ಮುಖ ಮುಚ್ಕೊಂಡೋರ ಮುಂದೆ ಯಾರು ಮುಖ ಬಿಚ್ತಾರೆ? ನಾನು ಅವರ ಜೊತೆ ಮಾತಾಡ್ತಾ ಇರ್ಬೇಕು. ಗೋಡೆಗೆ ಹಾಕೋಷ್ಟು ದೊಡ್ಡ ಫೋಟೋಗೆ ನಿಮ್ಮದೇ ಬೇಕು, ಯಾರು ಇಲ್ಲ ಅಂದ್ರು? ಆದ್ರೆ ನನ್ನ ಕೆಲಸ ಅದರಲ್ಲಿ ಆಗಲ್ಲ."

"ಕೆಲಸ ಇದ್ರೆ ತಾನೆ ಆಗೋದು ಬಿಡೋದು? ಪಾಸು ಹೋದ್ರೆ ಉಳಿಯೋದು ಬರೀ ಪಾಸ್‌ಪೋರ್ಟ್ ಫೋಟೋ. ಸ್ಟುಡಿಯೋ ಬಾಗಿಲು ಹಾಕ್ಬೇಕು. ನಾಳೆ ತಪ್ಪಾಯ್ತು ಅನ್ನು, ಮುಚ್ಚಳ ತೆಗೆದು ಕೆಲಸ ಮಾಡ್ತೀನಿ ಅನ್ನು. ನಿನಗೆ ಕೈ ಮುಗೀತೀನಿ."

ಅತ್ತೆ "ಹೂಂ" ಎಂದಳು.

ಮರುದಿನ ಬ್ಯಾಗು ಹೊರಲು ನಾನೂ ಹೋದೆ. ಮಾವನ ಬೆನ್ನು, ಅತ್ತೆಯ ಮನಸ್ಸು, ಎರಡೂ ಬಗ್ಗುವ ಸ್ಥಿತಿಯಲ್ಲಿರಲಿಲ್ಲ. ಸಾಹೇಬರ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಕಡತಗಳು, ತಣ್ಣಗಾದ ಟೀ, ಪಕ್ಕದಲ್ಲಿ ಮುದ್ರೆಯ ಸಮೇತ ಗುಮಾಸ್ತ. ಅತ್ತೆಯ ಕತ್ತಿನಲ್ಲಿ ದೊಡ್ಡ ಕ್ಯಾಮೆರಾ ಇತ್ತು. ಮಾವನಿಗೆ ಅದನ್ನು ಕಂಡು ಸ್ವಲ್ಪ ಧೈರ್ಯ ಬಂದಿತ್ತು.

ಸಾಹೇಬರು ಕೆಟ್ಟವರಲ್ಲ. ನಿಯಮ ಮಾಡಿದ ಮೇಲೆ ಅದರ ಒಳಗೇ ಸಿಕ್ಕಿಬಿದ್ದವರು, ಅಷ್ಟೇ.

"ನೋಡಿಮ್ಮ, ನಿಮ್ಮ ಫೋಟೋ ಚೆನ್ನಾಗಿಲ್ಲ ಅಂತ ಯಾರೂ ಹೇಳ್ತಿಲ್ಲ. ಆದ್ರೆ ನೋಡೋರ ಕಣ್ಣಿಗೆ ಒಂದು ಗಾಂಭೀರ್ಯ ಬೇಡ್ವಾ? ಜೀವನದಲ್ಲಿ ಒಂದೇ ಸಲ ಆಗೋ ಮದುವೆ. ಅಲ್ಲಿ ಸೋಪು ಡಬ್ಬಿ ಹಿಡ್ಕೊಂಡು ನಿಂತ್ರೆ ಹೇಗೆ?"

"ಕೆಲವರು ಎರಡನೇ ಸಲಾನೂ ಬರ್ತಾರೆ ಸಾರ್," ಎಂದ ಗುಮಾಸ್ತ. ಸಾಹೇಬರು ನೋಡಿದ ನೋಟಕ್ಕೆ ಮುದ್ರೆಯ ಮಸಿ ಒರೆಸತೊಡಗಿದ.

"ಎರಡರಲ್ಲಿ ಒಂದು ಆರಿಸ್ಕೊಳ್ಳಿ," ಎಂದರು ಸಾಹೇಬರು. "ಆ ಡಬ್ಬಿ ಬಿಟ್ಟು, ಇದನ್ನ ಮುಚ್ಚಳ ತೆಗೆದು ಉಪಯೋಗಿಸ್ತೀನಿ ಅಂದ್ರೆ ಈಗಲೇ ಪಾಸು ಕೊಡ್ತೀನಿ."

ಮಾವ ಹೆಂಡತಿಯ ಮೊಣಕೈಯನ್ನು ಮೆಲ್ಲಗೆ ತಿವಿದರು. ಅತ್ತೆ ಎದ್ದಳು. ಪಟ್ಟಿಯನ್ನು ತಲೆಯ ಮೇಲಿಂದ ತೆಗೆದಳು, ಕತ್ತು ತಿಕ್ಕಿಕೊಂಡಳು, ದೊಡ್ಡ ಕ್ಯಾಮೆರಾವನ್ನು ಸಾಹೇಬರ ಮೇಜಿನ ಮೇಲೆ, ಟೀ ಲೋಟದ ಪಕ್ಕ, ಅವರ ಕಡೆ ಮುಖ ಮಾಡಿ ಇಟ್ಟಳು. ಮುಚ್ಚಳವನ್ನೂ ತೆಗೆದಳು.

"ಪಾಸು ಯಾರಿಗೆ ಸಾರ್? ನನಗೋ, ಕ್ಯಾಮೆರಾಗೋ?"

"ಅದು... ಕ್ಯಾಮೆರಾ ಇದ್ದೋರಿಗೆ."

"ಹಾಗಾದ್ರೆ ಅದಕ್ಕೇ ಕೊಟ್ಬಿಡಿ. ಕೂತಿದೆ ನಿಮ್ಮೆದುರಿಗೆ. ಪಟ್ಟಿ ಇದೆ, ಲೆನ್ಸ್ ಬಿಚ್ಚೋಕೆ ಬರುತ್ತೆ, ಗಾಂಭೀರ್ಯಕ್ಕಂತೂ ಏನೂ ಕಮ್ಮಿ ಇಲ್ಲ. ನಾಳೆಯಿಂದ ಅದೇ ಬಂದು ಮದುವೆ ತೆಗೀಲಿ. ನಾನು ಬರಲ್ಲ."

"ಏ..." ಎಂದರು ಮಾವ.

"ನೀವು ಸುಮ್ನಿರಿ. ನಾನು ಅಷ್ಟು ವರ್ಷ ಕೊಡೆ ಹಿಡಿದೆ ಸಾರ್. ಒಂದು ದಿನ ಯಾರಾದ್ರೂ ಬಂದು ಕೊಡೆ ವೃತ್ತಿಪರಾನಾ ಅಂತ ಕೇಳಿದ್ರಾ? ಯಾಕಂದ್ರೆ ಕೊಡೆ ಹಿಡಿಯೋಳು ಲೆಕ್ಕಕ್ಕೇ ಇರ್ಲಿಲ್ಲ. ಗುಂಡಿ ಒತ್ತೋಕೆ ಶುರು ಮಾಡಿದ ಮೇಲೆ ಎಲ್ಲರಿಗೂ ನನ್ನ ಕೈಯಲ್ಲಿರೋದರ ಮೇಲೇ ಕಣ್ಣು. ಮುಚ್ಚಳ ಹಾಕಿ ನಿಮಗೆ ಸುಳ್ಳು ತೋರಿಸಿದ್ದು ತಪ್ಪು, ಒಪ್ಕೋತೀನಿ. ಅದಕ್ಕೇ ಇನ್ನು ಅದನ್ನ ಕತ್ತಿಗೆ ಹಾಕಲ್ಲ. ಪಾಸಿಗೋಸ್ಕರಾನೂ ಹಾಕಲ್ಲ."

"ಯೋಚನೆ ಮಾಡಿಮ್ಮ. ಪಾಸಿಲ್ದೆ ಈ ಬಾಗಿಲು ದಾಟೋ ಹಾಗಿಲ್ಲ."

"ದಾಟಲ್ಲ. ನನ್ನ ಮಾತು ಇಷ್ಟೇ. ಆಯ್ತು."

ಕೋಣೆಯೆಲ್ಲ ಉಸಿರು ಬಿಟ್ಟಿತು. ಸಾಹೇಬರ ಹೊಟ್ಟೆ ತನ್ನ ಜಾಗಕ್ಕೆ ಬಂತು. ಗುಮಾಸ್ತ ಗೋಡೆಗೊರಗಿದ. ಅತ್ತೆಯ ಅಂಗೈಯೊಳಗೆ ಏನೋ ಸಣ್ಣಗೆ ಕಣ್ಣು ಮಿಟುಕಿಸಿದ್ದು ಬಹುಶಃ ನನಗೊಬ್ಬನಿಗೇ ಕಾಣಿಸಿತು.

ಆ ಫೋಟೋ ನನ್ನ ಹತ್ತಿರ ಇದೆ. ಮೇಜಿನ ಮೇಲೆ ದೊಡ್ಡ ಕ್ಯಾಮೆರಾ, ಹಾರ ಹಾಕಿಸಿಕೊಳ್ಳಲು ಬಂದ ಅತಿ ಗಣ್ಯನಂತೆ. ಅದರ ಹಿಂದೆ ಸಾಹೇಬರು, ಸಾಹೇಬರಂತಲ್ಲ, ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕ ದಣಿದ ಮನುಷ್ಯನಂತೆ. ಮೂಲೆಯಲ್ಲಿ ಮಾವ. ಕಣ್ಣೊರೆಸಿಕೊಳ್ಳಲೆಂದು ಕನ್ನಡಕ ತೆಗೆದಿದ್ದಾರೆ, ಕ್ಯಾಮೆರಾ ಮೇಜಿನ ಮೇಲಿದೆ. ನಡುವೆ ಯಾವ ಗಾಜೂ ಇಲ್ಲದೆ ಅವರು ಹೆಂಡತಿಯನ್ನು ನೋಡುತ್ತಿದ್ದಾರೆ.

ಮೆಚ್ಚಿ ನೋಡುತ್ತಿದ್ದರು ಎಂದು ಮಾತ್ರ ತಿಳಿಯಬೇಡಿ. ಆಮೇಲೆ ಅವರು ಊಟಕ್ಕೆ ಕೂತಾಗಲೂ ಅವಳ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ನನಗೆ ಹೇಳುತ್ತಿದ್ದರು, ನಾನು ಅತ್ತೆಗೆ ಹೇಳುತ್ತಿದ್ದೆ, ಅತ್ತೆ "ಕೈ ಇದೆ ಅಲ್ವಾ ಅಂತ ಕೇಳು" ಎನ್ನುತ್ತಿದ್ದಳು.

ಮಾರನೇ ಬೆಳಿಗ್ಗೆಯೇ ಅತ್ತೆ ಕಚೇರಿಯ ಹೊರಗಿನ ಮೆಟ್ಟಿಲ ಮೇಲೆ ನಿಂತಳು. ಬಾಗಿಲು ದಾಟಲಿಲ್ಲ. ಆ ಬಾಗಿಲಿಗೆ ಬಿಗಿಯಾದ ಸ್ಪ್ರಿಂಗ್ ಇತ್ತು, ಹೊರಬಂದವರ ಹಿಂದೆ ಧಡ್ ಎಂದು ಮುಚ್ಚುತ್ತಿತ್ತು. ಒಳಗೆ ತುತ್ತೂರಿಯಂಥವರೆದುರು ಕಟ್ಟಿಗೆಯಂತೆ ನಿಂತು ಫೋಟೋ ತೆಗೆಸಿಕೊಂಡ ಗಂಡು ಹೆಣ್ಣು, ಅಪ್ಪ ಅಮ್ಮ, ಸಾಕ್ಷಿಗಳು, ಎಲ್ಲರೂ ಆ ಧಡ್ ಕೇಳಿದ್ದೇ ತಡ, ಹಗ್ಗ ಬಿಚ್ಚಿದ ಹೊರೆಯ ಹಾಗೆ ಸಡಿಲಾಗುತ್ತಿದ್ದರು. ಒಬ್ಬಳು ಚಪ್ಪಲಿ ಬಿಡುವಳು. ಒಬ್ಬ ಅಳುವನು. ಒಬ್ಬ ಅಪ್ಪ ಅಳಿಯನ ಬೆನ್ನಿಗೆ ಸ್ವಲ್ಪ ಜೋರಾಗಿಯೇ ಗುದ್ದುವನು, ಪ್ರೀತಿಯೋ ಹಳೇ ಸಿಟ್ಟೋ ಹೇಳುವುದು ಕಷ್ಟ. ಅತ್ತೆ "ಆಯ್ತು" ಎಂದು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಬಾಗಿಲೇ ಅವಳ ಪರವಾಗಿ ನಿಜ ಹೇಳುತ್ತಿತ್ತು.

ತುತ್ತೂರಿ ದೂರು ಕೊಟ್ಟ. ಮೆಟ್ಟಿಲೂ ಕಚೇರಿಯ ಆವರಣಕ್ಕೆ ಸೇರಿದ್ದೆಂದು ಸಾಹೇಬರು ಇನ್ನೊಂದು ಕಾಗದ ಅಂಟಿಸಿದರು. ಅತ್ತೆ ಅದನ್ನು ಪೂರ್ತಿ ಓದಿ, ಮೆಟ್ಟಿಲಿಳಿದು ಫುಟ್‌ಪಾತಿನ ಮೇಲೆ ನಿಂತಳು.

"ಅಕ್ಕ, ಇನ್ನೂ ಎಷ್ಟು ಕೆಳಗಿಳೀತೀರಾ?" ಎಂದ ಗುಮಾಸ್ತ ಬಾಗಿಲಿಂದ ಇಣುಕಿ.

"ಇದಕ್ಕಿಂತ ಕೆಳಗೆ ಚರಂಡಿ ಕಣಪ್ಪ. ಅದಕ್ಕೂ ಪಾಸು ಮಾಡಿಸ್ತಾರಾ ಕೇಳು."

ಮೆಟ್ಟಿಲಿಗಿಂತ ಫುಟ್‌ಪಾತೇ ವಾಸಿ ಎನಿಸಿತು. ಸ್ವಲ್ಪ ದೂರ ನಿಂತರೆ ಮೆಟ್ಟಿಲ ಮೇಲಿನ ಇಡೀ ಬಳಗ ಚಿತ್ರದೊಳಗೆ ಬರುತ್ತಿತ್ತು. ಒಳಗೆ ಫೋಟೋ ತೆಗೆಸಿದವರೂ ಹೊರಗೆ ಬಂದು ಅತ್ತೆಯಿಂದ ಇನ್ನೊಂದು ತೆಗೆಸಿಕೊಳ್ಳತೊಡಗಿದರು. ಗೋಡೆಗೆ ಅದು, ಪರ್ಸಿಗೆ ಇದು. ಸ್ಟುಡಿಯೋದ ಬಾಗಿಲು ಹಾಕುವ ಪ್ರಸಂಗ ಬರಲಿಲ್ಲ. ಕೆಲವು ತಿಂಗಳ ಮೇಲೆ ಗುಮಾಸ್ತ ಒಂದು ಪಾಸು ಹಿಡಿದು ಹೊರಗೆ ಬಂದ. ಸಾಹೇಬರು ನಿಯಮವನ್ನು ಸ್ವಲ್ಪ ಸಡಿಲಿಸಿದ್ದಾರಂತೆ. ಚಿಕ್ಕ ಕ್ಯಾಮೆರಾಗೂ ಒಂದು ಪಟ್ಟಿ ಕಟ್ಟಿ ಕತ್ತಿಗೆ ಹಾಕಿಕೊಂಡರೆ ಸಾಕಂತೆ, ನೋಡುವವರಿಗೊಂದು ಗಾಂಭೀರ್ಯ.

"ಕತ್ತಿಗೆ ಹಗ್ಗ ಬೇಕಾದ್ರೆ ಒಳಗೆ ದಿನಾ ಹಾಕಿಸ್ಕೊಳ್ತಾರಲ್ಲ, ಅವರಿಗೆ ಕೊಡು," ಎಂದಳು ಅತ್ತೆ. "ನನಗೆ ಬೇಡ. ಸಾಹೇಬ್ರಿಗೆ ಟೀ ಬಿಸಿ ಇರೋವಾಗ ಕುಡೀಬೇಕಂತೆ ಅಂತ ಹೇಳು."

ಫುಟ್‌ಪಾತಿನ ಒಂದೇ ತೊಂದರೆ ಬಿಸಿಲು. ನಡುಹಗಲಲ್ಲಿ ನೆತ್ತಿಯ ಮೇಲೆ ಸುಡುತ್ತಿತ್ತು, ಜನರ ಕಣ್ಣ ಕೆಳಗೆ ಕರೀ ನೆರಳು ಬೀಳುತ್ತಿತ್ತು. ಅತ್ತೆ ಕರವಸ್ತ್ರ ತಲೆಗೆ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ದಿನ ಬಾಗಿಲು ಧಡ್ ಎಂದು, ದೊಡ್ಡ ಬಳಗವೊಂದು ಮೆಟ್ಟಿಲ ಮೇಲೆ ಚೆಲ್ಲಿಕೊಂಡಾಗ, ಅತ್ತೆಯ ತಲೆಯ ಮೇಲೆ ಬೆಳಕು ಮೆತ್ತಗಾಯಿತು. ಪಕ್ಕದಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ಸ್ಟುಡಿಯೋದ ಬಿಳಿ ಕೊಡೆ. ಮುಖ ಇನ್ನೂ ಊದಿಕೊಂಡೇ ಇತ್ತು.

"ಬೆನ್ನು?" ಎಂದಳು ಅತ್ತೆ.

"ಕೊಡೆ ಹಗುರ ಇದೆ," ಎಂದರು ಮಾವ. "ಇದೂ ವೃತ್ತಿಪರ ಸಾಮಾನೇ, ಗೊತ್ತಿರಲಿ."

ಅತ್ತೆ ಅವರ ಕಡೆ ತಿರುಗಲಿಲ್ಲ. ಮೆಟ್ಟಿಲ ಮೇಲಿದ್ದ ಮುಖಗಳ ಮೇಲೆ ಕಣ್ಣಿಟ್ಟು, ಅಂಗೈಯಲ್ಲಿ ಆಮೆ ತಲೆ ಹೊರಗೆ ಹಾಕುವುದನ್ನು ಕಾದಳು.

"ಎಡಕ್ಕೆ," ಎಂದಳು. "ಇನ್ನೂ ಎಡಕ್ಕೆ."

ಮಾವ ಸರಿದರು. ಮೆಟ್ಟಿಲ ಮೇಲೆ ಮದುಮಗನೂ ಸರಿದ.